ಮೊದಲ ನಿಮಿಷದ ಉದ್ರಿ

ಪವರ್ ಮೀಟರ್ ತಗೋಬೇಕಾ ಬೇಡವಾ ಅಂತ ಹೋದ ತಿಂಗಳು ಬರೆದ ಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಥರದವು. ಮಾತು ಬೇರೆ ಬೇರೆ, ಗೋಳು ಒಂದೇ. "ನಾಲ್ಕು ನಿಮಿಷದ ನಾಲ್ಕು ಇಂಟರ್ವಲ್ ಮಾಡ್ಬೇಕು ಅಂತ ಪ್ಲಾನ್. ಮೊದಲೆರಡು ಸಲೀಸಾಗಿ ಹೋಗುತ್ತೆ. ಮೂರನೇದರ ಮಧ್ಯಕ್ಕೆ ಬರೋಷ್ಟರಲ್ಲಿ ಕಾಲು ಕಲ್ಲಾಗುತ್ತೆ. ನಾಲ್ಕನೇದು ಮಾಡೋದೇ ಇಲ್ಲ. ಸ್ಟ್ಯಾಮಿನಾ ಹೆಚ್ಚಿಸೋಕೆ ಏನು ತಿನ್ನಬೇಕು?"

ತಿನ್ನೋ ವಿಷಯ ಇನ್ನೊಮ್ಮೆ ನೋಡೋಣ. ಹೀಗೆ ಕೇಳಿದವರಲ್ಲಿ ಬಹಳಷ್ಟು ಜನಕ್ಕೆ ಸ್ಟ್ಯಾಮಿನಾ ಕೊರತೆ ಇಲ್ಲ ಅನ್ನೋದು ನನ್ನ ಅನುಮಾನ. ಮೂರನೇ ಇಂಟರ್ವಲ್‌ನಲ್ಲಿ ಆಗೋ ಅಪಘಾತಕ್ಕೆ ಎಫ್‌ಐಆರ್ ಹಾಕೋದಾದ್ರೆ ಒಂದನೇ ಆರೋಪಿ ಅಂತ ಬರೀಬೇಕಾದ್ದು ಮೊದಲ ಇಂಟರ್ವಲ್‌ನ ಮೊದಲ ಅರವತ್ತು ಸೆಕೆಂಡನ್ನ.

ಹೊಸದಾಗಿ ಓದ್ತಿರೋರಿಗೆ ಎರಡು ಮಾತು. ಇಂಟರ್ವಲ್ ಅಂದ್ರೆ ಇಷ್ಟು ನಿಮಿಷ ಗಟ್ಟಿಯಾಗಿ ತುಳಿಯೋದು, ಇಷ್ಟು ನಿಮಿಷ ಹಗುರವಾಗಿ ಕಾಲಾಡಿಸೋದು, ಮತ್ತೆ ಗಟ್ಟಿ. ಎಷ್ಟು ಗಟ್ಟಿ ಅಂತ ಹೇಳೋದು ವ್ಯಾಟ್. ಮನೆಯ ಮಾಮೂಲಿ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್, ಚಟ್ನಿ ರುಬ್ಬೋ ದೊಡ್ಡ ಮಿಕ್ಸಿಯ ಮೇಲೆ 750 ವ್ಯಾಟ್ ಅಂತ ಬರೆದಿರುತ್ತೆ. ವಾರಕ್ಕೆ ಮೂರು ದಿನ ಸೈಕಲ್ ತುಳಿಯೋ ಸಾಫ್ಟ್‌ವೇರ್ ಪ್ರಾಣಿಯೊಂದು ಒಂದು ಗಂಟೆ ಹಿಡಿದಿಡಬಲ್ಲದ್ದು ಇವೆರಡರ ನಡುವೆ, ಫ್ಯಾನಿನ ಕಡೆಗೇ ಹೆಚ್ಚು ಹತ್ತಿರ. ಪೆಡಲ್ ಅಥವಾ ಕ್ರ್ಯಾಂಕಿನೊಳಗೆ ಅಂಟಿಸಿದ ಸಣ್ಣ ಸ್ಟ್ರೇನ್ ಗೇಜ್‌ಗಳು, ನೀವು ತುಳಿದಾಗ ಆ ಲೋಹ ಎಷ್ಟು ಬಾಗಿತು ಅಂತ ಅಳೆಯುತ್ತವೆ. ಬಾಗಿದ್ದರಿಂದ ಟಾರ್ಕ್, ಟಾರ್ಕನ್ನ ತಿರುಗುವ ವೇಗದಿಂದ ಗುಣಿಸಿದರೆ ಪವರ್. ಜರ್ಮನಿಯ ಉಲ್ರಿಚ್ ಶೋಬೆರರ್ 1986ರಲ್ಲಿ ಶುರು ಮಾಡಿದ ಎಸ್‌ಆರ್‌ಎಂ ಕಂಪನಿಯ ಮೀಟರ್‌ಗಳಿಂದ ಈ ಕಥೆ ಆರಂಭ. ಬಹಳ ವರ್ಷ ಅದು ವೃತ್ತಿಪರರ ಕೈಗೆ ಮಾತ್ರ ಸಿಗ್ತಿತ್ತು, ಈಗ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗೂ ಬಂದಿದೆ. (ಎಡಗಾಲಿನ ಕಡೆ ಮಾತ್ರ ಇರೋ ಅಗ್ಗದ ಮೀಟರ್ ಎಡಗಾಲಿನ ಲೆಕ್ಕವನ್ನ ಎರಡರಿಂದ ಗುಣಿಸಿ ತೋರಿಸುತ್ತೆ. ನಿಮ್ಮದು ಅಂಥದ್ದಾದ್ರೆ ಗೆಳೆಯರ ಸಂಖ್ಯೆ ಜೊತೆ ಹೋಲಿಸಿ ಕೊರಗಬೇಡಿ. ನಿಮ್ಮದನ್ನ ನಿಮ್ಮದರ ಜೊತೆ ಹೋಲಿಸೋಕೆ ಅದು ಸಾಕು.)

ಈಗ ನೋಡಿ ಎಡವಟ್ಟು ಎಲ್ಲಿದೆ ಅಂತ. ಮೀಟರ್ ಮೇಲಿನ ಸಂಖ್ಯೆ ತಕ್ಷಣದ್ದು, ದೇಹದ ಉತ್ತರ ನಿಧಾನದ್ದು. ನೀವು 130 ವ್ಯಾಟ್‌ನಿಂದ 270ಕ್ಕೆ ಹಾರಿದಾಗ ಸ್ಕ್ರೀನ್ ಮೇಲೆ ಒಂದೆರಡು ಸೆಕೆಂಡಲ್ಲಿ 270 ಕಾಣುತ್ತೆ. ಆದರೆ ಶ್ವಾಸಕೋಶ, ಹೃದಯ, ಸ್ನಾಯು ಎಲ್ಲ ಸೇರಿ ಆಮ್ಲಜನಕದ ಸರಬರಾಜನ್ನ ಆ ಮಟ್ಟಕ್ಕೆ ಏರಿಸೋಕೆ ಒಂದೂವರೆ–ಎರಡು ನಿಮಿಷ ಬೇಕು. ಅಲ್ಲಿವರೆಗೆ ಖರ್ಚು ಯಾರು ಕೊಡ್ತಾರೆ? ಸ್ನಾಯುವಿನಲ್ಲೇ ಕೂಡಿಟ್ಟ ಫಾಸ್ಫೋಕ್ರಿಯಾಟಿನ್, ಆಮೇಲೆ ಆಮ್ಲಜನಕ ಇಲ್ಲದೆಯೇ ಸಕ್ಕರೆ ಒಡೆಯೋ ವ್ಯವಸ್ಥೆ. ನಮ್ಮೂರಿನ ಕಿರಾಣಿ ಅಂಗಡಿ ಭಾಷೇಲಿ ಹೇಳೋದಾದ್ರೆ ಮೊದಲ ನಿಮಿಷದ ಸಾಮಾನೆಲ್ಲ ಉದ್ರಿ. ಕೈಯಿಂದ ದುಡ್ಡು ಬಿಚ್ಚಿಲ್ಲವಾದ್ದರಿಂದ ಎಲ್ಲ ಪುಕ್ಕಟೆ ಅನ್ಸುತ್ತೆ. ಹೃದಯ ಬಡಿತ ಇನ್ನೂ 135, ಉಸಿರು ಹಿಡಿತದಲ್ಲಿದೆ, ಹಾಡಿನ ಬೀಟ್ ಚೆನ್ನಾಗಿದೆ. "ಇವತ್ತು ಫಾರ್ಮಲ್ಲಿದೀನಿ" ಅಂತ ಮನಸ್ಸು ಇನ್ನೊಂದು ಗೇರ್ ಹಾಕುತ್ತೆ. ಅಂಗಡಿಯವರು ಪುಸ್ತಕದಲ್ಲಿ ಬರ್ಕೋತಾ ಇರ್ತಾರೆ.

ಆ ಪುಸ್ತಕದ ಲೆಕ್ಕಕ್ಕೂ ಒಂದು ಸೂತ್ರ ಇದೆ. ಫ್ರಾನ್ಸಿನ ಮೊನೊ ಮತ್ತು ಶೆರೆರ್ ಅನ್ನೋ ಇಬ್ಬರು 1965ರಲ್ಲಿ ಸ್ನಾಯುಗಳ ಮೇಲೆ ಮಾಡಿದ ಕೆಲಸದಿಂದ ಹುಟ್ಟಿದ್ದು ಕ್ರಿಟಿಕಲ್ ಪವರ್ ಅನ್ನೋ ಕಲ್ಪನೆ. ಒಂದು ಮಟ್ಟದ ಕೆಳಗೆ ತುಳಿದರೆ ಬಹಳ ಹೊತ್ತು ಹೋಗಬಹುದು. ಅದನ್ನ ದಾಟಿದರೆ, ದಾಟಿದ ಪ್ರತಿ ವ್ಯಾಟ್‌ಗೂ ಪ್ರತಿ ಸೆಕೆಂಡಿಗೂ ಒಂದೊಂದು ಜೂಲ್ ಸೀಮಿತ ಡಬ್ಬಿಯೊಂದರಿಂದ ಖಾಲಿಯಾಗುತ್ತಾ ಹೋಗುತ್ತೆ. ಡಬ್ಬಿಗೆ ಡಬ್ಲ್ಯೂ ಪ್ರೈಮ್ ಅಂತ ಹೆಸರು. ಸೈಕ್ಲಿಸ್ಟ್‌ಗಳ ಬಾಯಲ್ಲಿ ಸದಾ ಇರೋ ಎಫ್‌ಟಿಪಿ, ಅಂದ್ರೆ ಸುಮಾರು ಒಂದು ಗಂಟೆ ಹಿಡಿಯಬಲ್ಲ ಪವರ್, ಈ ಮಟ್ಟದ ಹತ್ತಿರದ ನೆಂಟ. ಎರಡೂ ಒಂದೇ ಅಲ್ಲ, ನಮ್ಮ ಇವತ್ತಿನ ಲೆಕ್ಕಕ್ಕೆ ಜಗಳ ಬೇಡ.

ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ ಅಂತ ಇದನ್ನ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಕೂರಿಸಿದೆ. ಒಬ್ಬ ಕಾಲ್ಪನಿಕ ಸವಾರ, ಕ್ರಿಟಿಕಲ್ ಪವರ್ 200 ವ್ಯಾಟ್, ಡಬ್ಬಿಯಲ್ಲಿ 15,000 ಜೂಲ್. ಪ್ಲಾನ್: 240 ವ್ಯಾಟ್‌ನಲ್ಲಿ ನಾಲ್ಕು ನಿಮಿಷ, ಮೂರು ನಿಮಿಷ ಆರಾಮ, ಹೀಗೆ ನಾಲ್ಕು ಸಲ. ಆರಾಮದ ಮೂರು ನಿಮಿಷದಲ್ಲಿ ಖಾಲಿಯಾದ ಭಾಗದ ಶೇ 70ರಷ್ಟು ಮತ್ತೆ ತುಂಬುತ್ತೆ ಅಂದ್ಕೊಳ್ಳಿ.

ಸಮವಾಗಿ ತುಳಿದರೆ ಒಂದು ಇಂಟರ್ವಲ್‌ಗೆ ಖರ್ಚು, 40 ವ್ಯಾಟ್ ಗುಣಿಸು 240 ಸೆಕೆಂಡ್, 9,600 ಜೂಲ್. ಮೊದಲನೇದು ಮುಗಿದಾಗ ಡಬ್ಬಿಯಲ್ಲಿ 5,400 ಉಳೀತು. ಎರಡನೇದು ಮುಗಿದಾಗ 2,520. ಮೂರನೇದರ ನಂತರ 1,656. ನಾಲ್ಕನೇದರ ಕೊನೆಗೆ 1,397. ತಳ ಕಾಣ್ತಾ ಇದೆ, ಆದರೆ ಕೆಲಸ ಮುಗೀತು.

ಈಗ ಅದೇ ಸವಾರ, ಅದೇ ಕಾಲು. ಬದಲಾವಣೆ ಒಂದೇ: ಪ್ರತಿ ಇಂಟರ್ವಲ್‌ನ ಮೊದಲ ನಿಮಿಷ ಉತ್ಸಾಹದಲ್ಲಿ 270, ಉಳಿದ ಮೂರು ನಿಮಿಷ ಶಿಸ್ತಾಗಿ 240. ಇಡೀ ಇಂಟರ್ವಲ್‌ನ ಸರಾಸರಿ ತೆಗೆದರೆ ವ್ಯತ್ಯಾಸ ಎಂಟು ವ್ಯಾಟ್ ಕೂಡ ಇಲ್ಲ. ಖರ್ಚು ಮಾತ್ರ 11,400 ಜೂಲ್. ಮೊದಲನೇದರ ಕೊನೆಗೆ ಉಳಿದಿದ್ದು 3,600. ಎರಡನೇದರ ಕೊನೆಗೆ 180, ಅಂದ್ರೆ ಕೂದಲೆಳೆಯಲ್ಲಿ ಪಾರು. ಹೊರಗಿಂದ ನೋಡಿದವರಿಗೆ ಎರಡೂ ಇಂಟರ್ವಲ್ ಸೂಪರ್. ಮೂರನೇದರಲ್ಲಿ 3 ನಿಮಿಷ 39 ಸೆಕೆಂಡ್ ಆಗೋ ಹೊತ್ತಿಗೆ ಡಬ್ಬಿ ಖಾಲಿ.

ಓದುಗರ ಗೋಳು ನೆನಪಿದೆಯಲ್ಲ, ಹೆಚ್ಚುಕಮ್ಮಿ ಇದೇ ಜಾಗ.

ಕಾಗದದ ಲೆಕ್ಕಕ್ಕೆ ಕಾಗದದಷ್ಟೇ ಬೆಲೆ ಕೊಡಿ. ಡಬ್ಬಿಯ ಗಾತ್ರ, ತುಂಬುವ ವೇಗ ಒಬ್ಬೊಬ್ಬರಿಗೆ ಒಂದೊಂದು ಥರ, ಒಬ್ಬರಿಗೇ ದಿನಕ್ಕೊಂದು ಥರ. ತುಂಬೋದೂ ಫೋನ್ ಚಾರ್ಜ್ ಆದ ಹಾಗೆ, ಮೊದಮೊದಲು ಬೇಗ, ಕೊನೆಕೊನೆಗೆ ಎಳೆದಾಡುತ್ತೆ. ಇನ್ನೊಂದು ಸೂಕ್ಷ್ಮ ಇದೆ. ಈ ಸೂತ್ರದ ಪ್ರಕಾರ ಮೊದಲ ನಿಮಿಷ 270 ತುಳಿದವರು ಉಳಿದ ಮೂರು ನಿಮಿಷ 230ಕ್ಕೆ ಇಳಿದುಬಿಟ್ಟರೆ ಒಟ್ಟು ಖರ್ಚು ಸಮ. ಲೆಕ್ಕ ಸರಿ. ಆದರೆ ಚೆನ್ನಾಗಿ ಹೋಗ್ತಿದೆ ಅನ್ನಿಸೋವಾಗ ತಾನಾಗಿ ಇಳಿಯೋ ಪುಣ್ಯಾತ್ಮರನ್ನ ನಾನಂತೂ ನೋಡಿಲ್ಲ. ಇಳಿಯೋದು ಕಾಲು ಉರಿಯೋಕೆ ಶುರುವಾದ ಮೇಲೆ, ಆಗ 230 ಕೂಡ ಭಾರ.

ಹಾಗಾದ್ರೆ ಜೋರಾಗಿ ಶುರು ಮಾಡೋದೇ ಪಾಪವಾ? ಅಲ್ಲ. ಒಂದೇ ಒಂದು ಸಲ, ಮೂರ್ನಾಲ್ಕು ನಿಮಿಷ, ಆಮೇಲೆ ಬಿದ್ದರೂ ಪರವಾಗಿಲ್ಲ ಅನ್ನೋ ಸ್ಪರ್ಧೆಯಲ್ಲಿ ತುಸು ಜೋರಿನ ಆರಂಭ ಲಾಭವೇ. ಆಮ್ಲಜನಕದ ಸರಬರಾಜು ಬೇಗ ಮೇಲೇಳುತ್ತೆ ಅಂತ ಪ್ರಯೋಗಗಳೂ ತೋರಿಸಿವೆ. ಇದನ್ನೇ ತರಬೇತಿಗೆ ಬಳಸೋ ಕೋಚ್‌ಗಳೂ ಇದ್ದಾರೆ: ಮೊದಲು ಸ್ವಲ್ಪ ಎತ್ತರದಿಂದ ಶುರುಮಾಡಿಸಿ, ಆಮೇಲೆ ಬೇಕೆಂದೇ ಇಳಿಸ್ತಾರೆ. ಅಲ್ಲಿ ಏರಿಕೆಯನ್ನೂ ಇಳಿಕೆಯನ್ನೂ ಮೊದಲೇ ಬರೆದಿಟ್ಟಿರ್ತಾರೆ. ಮೊದಲ ವರ್ಷದಲ್ಲಿ ಇರೋರು ಅದರ ಸಹವಾಸಕ್ಕೆ ಹೋಗಬೇಡಿ.

ಅಂದಹಾಗೆ ಜಿಮ್‌ಗಳಲ್ಲಿ ಎಲ್ಲದಕ್ಕೂ ಟಬಾಟಾ ಅಂತಾರಲ್ಲ, ಅದರ ಮೂಲವೂ ಸೈಕಲ್ಲೇ. ಜಪಾನಿನ ಇಝುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವ್ಯಾಯಾಮದ ಸೈಕಲ್ ಮೇಲೆ 20 ಸೆಕೆಂಡ್ ತುಳಿತ, 10 ಸೆಕೆಂಡ್ ಬಿಡುವು, ಏಳೆಂಟು ಸುತ್ತು. ತೀವ್ರತೆ ಎಷ್ಟಿತ್ತು ಅಂದ್ರೆ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟಕ್ಕೆ ಬೇಕಾದ ಪವರ್‌ನ ಸುಮಾರು ಶೇ 170. ಏಳೆಂಟು ಸುತ್ತಿಗೆ ಕಾಲು ಸೋಲೋ ಹಾಗೆ ಆ ತೂಕವನ್ನ ಮೊದಲೇ ಆರಿಸಿದ್ದರು. ಹಾಡು ಹಾಕ್ಕೊಂಡು ನಲವತ್ತು ನಿಮಿಷ ಮಾಡೋಕಾದ್ರೆ ಅದು ಬೇರೇನೋ, ಅದೂ ಒಳ್ಳೇದೇ ಇರಬಹುದು.

ನಮಗೆ ಹೆಚ್ಚು ಹತ್ತಿರದ್ದು ನಾರ್ವೆಯಲ್ಲಿ ಸ್ಟೀಫನ್ ಸೈಲರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ತಗೊಂಡಿದ್ದು ಹವ್ಯಾಸಿ ಸೈಕ್ಲಿಸ್ಟ್‌ಗಳನ್ನ. ಒಂದು ಗುಂಪಿಗೆ ನಾಲ್ಕು ನಿಮಿಷದ ನಾಲ್ಕು, ಇನ್ನೊಂದಕ್ಕೆ ಎಂಟು ನಿಮಿಷದ ನಾಲ್ಕು, ಮತ್ತೊಂದಕ್ಕೆ ಹದಿನಾರು ನಿಮಿಷದ ನಾಲ್ಕು. ಒಟ್ಟಾರೆ ಹೆಚ್ಚು ಸುಧಾರಿಸಿದ್ದು ಎಂಟು ನಿಮಿಷದವರು, ಅದೂ ನಾಲ್ಕು ನಿಮಿಷದವರಿಗಿಂತ ಕಡಿಮೆ ತೀವ್ರತೆಯಲ್ಲಿ, ಗರಿಷ್ಠ ಹೃದಯ ಬಡಿತದ ಸುಮಾರು ಶೇ 90ರಲ್ಲಿ. ಎಲ್ಲರೂ ಈ ಫಲಿತಾಂಶವನ್ನೇ ಹೇಳ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ಸೋದು ಸವಾರರಿಗೆ ಕೊಟ್ಟಿದ್ದ ಸೂಚನೆ. ಇಷ್ಟೇ ವ್ಯಾಟ್ ತುಳೀರಿ ಅಂತ ಹೇಳಿರಲಿಲ್ಲ. ನಾಲ್ಕೂ ಸೇರಿ ಒಟ್ಟಾರೆ ಎಷ್ಟು ಗಟ್ಟಿಯಾಗಿ ಮಾಡಬಹುದೋ ಅಷ್ಟು ಮಾಡಿ ಅಂತ ಹೇಳಿದ್ದರು. ಅಂದ್ರೆ ಒಂದೊಂದು ಇಂಟರ್ವಲ್ಲೂ ಪರೀಕ್ಷೆಯಲ್ಲ, ಇಡೀ ಸೆಷನ್ ಒಂದೇ ಪ್ರಶ್ನೆಪತ್ರಿಕೆ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಐದು ಮಾರ್ಕಿನ ಪ್ರಶ್ನೆಗೆ ಮೂರು ಪುಟ ಬರೆದು ಕೊನೆಗೆ ಟೈಮ್ ಸಾಲದೆ ಅತ್ತವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಸರಿ, ಬೆಳಗ್ಗೆ ಐದೂವರೆಗೆ ಎದ್ದು ಸೈಕಲ್ ಹತ್ತಿದ ಮೇಲೆ ಏನ್ ಮಾಡ್ಬೇಕು? ಗೇರ್‌ನಿಂದ ಶುರು ಮಾಡಿ. ಬೀಪ್ ಬಂದ ಮೇಲೆ ಗೇರ್ ಹುಡುಕೋರು ಗಾಬರಿಯಲ್ಲಿ ಎದ್ದುನಿಂತು ಒದೀತಾರೆ, ಐದು ಸೆಕೆಂಡ್ 400 ವ್ಯಾಟ್ ಹೊಡೆದುಬಿಡ್ತಾರೆ. ಬೀಪ್‌ಗೆ ಐದಾರು ಸೆಕೆಂಡ್ ಮೊದಲೇ ಗೇರ್ ಸರಿಮಾಡಿ, ಕೂತಲ್ಲೇ ಏರಿ. ಗುರಿ 240 ಅಂದ್ರೆ ಮೊದಲ ನಿಮಿಷ 230–235ರಲ್ಲೇ ಇರಲಿ. ಬೋರ್ ಅನ್ಸುತ್ತೆ, ಅನ್ನಿಸಲಿ. ಎರಡನೇ ನಿಮಿಷಕ್ಕೆ 240ಕ್ಕೆ ಬನ್ನಿ. ಕೊನೇ ನಿಮಿಷದಲ್ಲಿ ಉಸಿರು ಎಷ್ಟು ಏರಿದೆ ಅಂತ ನೋಡ್ಕೊಂಡು ಐದು ವ್ಯಾಟ್ ಜಾಸ್ತಿ ಬೇಕಾದ್ರೆ ಹಾಕಿ. ಮೊದಲ ಇಂಟರ್ವಲ್ ಮುಗಿದಾಗ ಹತ್ತಕ್ಕೆ ಏಳು ಕಷ್ಟ ಅನ್ನಿಸಬೇಕು, ಎರಡನೇದಕ್ಕೆ ಎಂಟು, ಮೂರನೇದಕ್ಕೆ ಎಂಟೂವರೆ–ಒಂಬತ್ತು. ಮೊದಲನೇದೇ ಒಂಬತ್ತು ಅನ್ನಿಸಿದ್ರೆ ಆ ಕ್ಷಣವೇ ಗುರಿಯನ್ನ ಹತ್ತು ವ್ಯಾಟ್ ಇಳಿಸಿ. ನಾಲ್ಕನೇದರವರೆಗೆ ಕಾದು ನೋಡೋ ಅಗತ್ಯ ಇಲ್ಲ. ಆರಾಮದ ನಿಮಿಷಗಳಲ್ಲಿ ನಿಜಕ್ಕೂ ಆರಾಮ ಮಾಡಿ. 100 ವ್ಯಾಟ್ ಅಂದ್ರೆ 100. ಸರಾಸರಿ ಕೆಡುತ್ತೆ ಅಂತ ಅಲ್ಲೂ 160 ತುಳಿಯೋರಿದ್ದಾರೆ, ಡಬ್ಬಿ ತುಂಬೋದು ಯಾವಾಗ?

ಸ್ಕ್ರೀನ್ ಮೇಲೆ ಏನಿಟ್ಟುಕೊಳ್ಳಬೇಕು ಅನ್ನೋದು ಚಿಕ್ಕ ವಿಷಯ ಅನ್ಸಬಹುದು, ಆದರೆ ಅರ್ಧ ರೋಗ ಅಲ್ಲೇ. ಕ್ಷಣಕ್ಷಣದ ಪವರ್ ಅಂಕಿ ಕುಣಿಯುತ್ತೆ. 218, 263, 241, 229. ಅದರ ಹಿಂದೆ ಓಡಿದ್ರೆ ನೀವೂ ಕುಣೀತೀರಿ. ಮೂರು ಸೆಕೆಂಡಿನ ಸರಾಸರಿ, ಈ ಲ್ಯಾಪ್‌ನ ಸರಾಸರಿ, ಉಳಿದ ಸಮಯ, ಇಷ್ಟು ಸಾಕು. ಹೃದಯ ಬಡಿತವನ್ನ ಇಂಟರ್ವಲ್ ನಡುವೆ ನೋಡಬೇಡಿ, ಅದು ಯಾವಾಗಲೂ ಒಂದು ನಿಮಿಷ ತಡವಾಗಿ ಬರೋ ಬಿಎಂಟಿಸಿ.

ಮನೆಯ ಟ್ರೈನರ್ ಮೇಲೆ ಮಾಡೋರಿಗೆ ಇಆರ್‌ಜಿ ಅನ್ನೋ ಮೋಡ್ ಇದೆ. ನೀವು ಹೇಗೆ ತುಳಿದರೂ ಯಂತ್ರ 240 ಅಂದ್ರೆ 240 ಕೊಡುತ್ತೆ. ಚೆನ್ನಾಗೇ ಇದೆ, ಒಂದು ತಿಂಗಳು ಅದರಲ್ಲಿ ಮಾಡಿದ್ರೆ ಸಮವಾಗಿ ತುಳಿಯೋದು ಅಂದ್ರೆ ಹೇಗಿರುತ್ತೆ ಅಂತ ಕಾಲಿಗೆ ಗೊತ್ತಾಗುತ್ತೆ. ಆದರೆ ಅದಕ್ಕೊಂದು ಕೆಟ್ಟ ಗುಣ ಇದೆ. ಸುಸ್ತಾಗಿ ನಿಮಿಷಕ್ಕೆ 90 ಸುತ್ತು ತಿರುಗಿಸ್ತಿದ್ದ ಕಾಲು 60ಕ್ಕೆ ಬಂತು ಅನ್ನಿ, ಅದೇ ವ್ಯಾಟ್ ಉಳಿಸೋಕೆ ಯಂತ್ರ ಒಂದೂವರೆ ಪಟ್ಟು ಬಿಗಿ ಮಾಡುತ್ತೆ. ಬಿಗಿಯಾದಷ್ಟೂ ಕಾಲು ನಿಧಾನ, ನಿಧಾನವಾದಷ್ಟೂ ಬಿಗಿ. ಕೆಸರಲ್ಲಿ ಸಿಕ್ಕ ಎತ್ತಿನಗಾಡಿ ಥರ ನಿಂತೇಹೋಗುತ್ತೆ. ಸುತ್ತು 80ಕ್ಕಿಂತ ಕೆಳಗೆ ಜಾರ್ತಿದೆ ಅನ್ನಿಸಿದ ತಕ್ಷಣ ಹತ್ತು ಸೆಕೆಂಡ್ ಬೇಗ ತಿರುಗಿಸಿ ಮೇಲೆ ತಂದ್ಕೊಳ್ಳಿ, ಇಲ್ಲಾ ಗುರಿ ಇಳಿಸಿ. ತಿಂಗಳಿಗೆರಡು ಸಲ ಆ ಮೋಡ್ ಆಫ್ ಮಾಡಿ, ಹಿಡಿತ ನಿಮ್ಮ ಕೈಯಲ್ಲೇ ಇರೋ ಹಾಗೆ ಮಾಡಿ ನೋಡಿ.

ಮತ್ತೆ ಸೆಖೆ. ದೇಹದ ಎಂಜಿನ್ನಿನ ದಕ್ಷತೆ ಶೇ 20ರಿಂದ 25 ಅಷ್ಟೇ. ಪೆಡಲ್‌ಗೆ 200 ವ್ಯಾಟ್ ಹೋಗ್ತಿದ್ರೆ 600ರಿಂದ 800 ವ್ಯಾಟ್ ಬಿಸಿಯಾಗಿ ಮೈಯಿಂದ ಹೊರಬೀಳ್ತಿರುತ್ತೆ. ಮುಚ್ಚಿದ ರೂಮಲ್ಲಿ ಇಸ್ತ್ರಿಪೆಟ್ಟಿಗೆ ಆನ್ ಮಾಡಿಟ್ಟ ಹಾಗೆ, ಆ ಪೆಟ್ಟಿಗೆ ನೀವೇ. ರಸ್ತೆಯಲ್ಲಿ ಗಾಳಿ ಅದನ್ನ ಹೊತ್ತೊಯ್ಯುತ್ತೆ, ಟ್ರೈನರ್ ಮೇಲೆ ಗಾಳಿ ಇಲ್ಲ. ತಲೆ ಮೇಲಿನ ಸೀಲಿಂಗ್ ಫ್ಯಾನ್ ಸಾಲದು. ಎದುರಿಗೆ, ಎದೆ ಮಟ್ಟಕ್ಕೆ ಒಂದು ದೊಡ್ಡ ಫ್ಯಾನ್ ಇಡಿ. ಮೂರನೇ ಇಂಟರ್ವಲ್ ಕೈಕೊಡೋಕೆ ಕೆಲವರಿಗೆ ಫ್ಯಾನ್ ಇಲ್ಲದಿರೋದೇ ಕಾರಣ. ನಮ್ಮಮ್ಮ ಊರಿಂದ ಬಂದಾಗ ಬಾಗಿಲಲ್ಲಿ ನಿಂತು, "ಇಷ್ಟೊಂದು ಬೆವರು ಸುರಿಸ್ಕೊಂಡು ಎಲ್ಲಿಗೆ ಹೋಗ್ತಿದೀಯೋ? ಸೈಕಲ್ ನಿಂತಲ್ಲೇ ಇದೆಯಲ್ಲೋ" ಅಂತಾರೆ. ಉತ್ತರ ಇನ್ನೂ ಹೊಳೆದಿಲ್ಲ.

ರಸ್ತೆಗೆ ಬಂದ್ರೆ ಬೆಂಗಳೂರಿನವರಿಗೆ ನಂದಿಬೆಟ್ಟ, ಮೈಸೂರಿನವರಿಗೆ ಚಾಮುಂಡಿಬೆಟ್ಟ. ಸಿಗ್ನಲ್, ನಾಯಿ, ಹಂಪ್‌ಗಳ ನಡುವೆ ಸ್ಕ್ರೀನ್ ನೋಡ್ಕೊಂಡು ಇಂಟರ್ವಲ್ ಮಾಡೋದು ದಯವಿಟ್ಟು ಬೇಡ. ಏರುದಾರಿಯಲ್ಲಿ ವೇಗ ಕಡಿಮೆ, ಪವರ್ ಹಿಡಿಯೋದು ಸುಲಭ. ಒಂದು ಲೆಕ್ಕ ನೋಡಿ: 70 ಕೆ.ಜಿ. ಸವಾರ, 10 ಕೆ.ಜಿ. ಸೈಕಲ್ಲು ಮತ್ತು ನೀರು, ನಂದಿಯಂಥ ದಾರಿಯಲ್ಲಿ 450 ಮೀಟರ್ ಎತ್ತರ ಏರಬೇಕು ಅಂದ್ಕೊಳ್ಳಿ. ಗುರುತ್ವಾಕರ್ಷಣೆಗೆ ಕೊಡಬೇಕಾದ್ದು ಸುಮಾರು 353 ಕಿಲೋಜೂಲ್. ಅರ್ಧ ಗಂಟೆಯಲ್ಲಿ ಏರಿದ್ರೆ ಅಷ್ಟಕ್ಕೇ 196 ವ್ಯಾಟ್, 25 ನಿಮಿಷದಲ್ಲಿ 235. ಗಾಳಿ, ಟೈರಿನ ಘರ್ಷಣೆ ಬೇರೆ. ಐದು ನಿಮಿಷ ಉಳಿಸೋಕೆ ಉದ್ದಕ್ಕೂ 39 ವ್ಯಾಟ್ ಜಾಸ್ತಿ! ಬುಡದಲ್ಲಿ ಗುಂಪಿನ ಜೊತೆ ಹೊರಟು ಮೊದಲ ಐದು ನಿಮಿಷ 260 ತುಳಿಯೋರು ಕೊನೆಯ ಕಡಿದಾದ ತಿರುವುಗಳಲ್ಲಿ ಯಾಕೆ ಇಳಿದು ತಳ್ತಾರೆ ಅಂತ ಈಗ ಗೊತ್ತಾಗಿರಬೇಕು. ಕಡಿದಾದ ಕಡೆ ತುಸು ಜಾಸ್ತಿ, ಸಮತಟ್ಟಾದ ಕಡೆ ತುಸು ಕಮ್ಮಿ ತುಳಿಯೋದು ಭೌತಶಾಸ್ತ್ರದ ಪ್ರಕಾರವೂ ಸರಿ, ಯಾಕಂದ್ರೆ ವೇಗ ಜಾಸ್ತಿ ಇದ್ದಲ್ಲಿ ಹಾಕಿದ ವ್ಯಾಟ್‌ಗಳನ್ನ ಗಾಳಿ ತಿನ್ನುತ್ತೆ. ಆದರೆ ತುಸು ಅಂದ್ರೆ ತುಸು, ಹತ್ತಿಪ್ಪತ್ತು ವ್ಯಾಟ್. ಪ್ರತಿ ತಿರುವಿನಲ್ಲೂ ನಿಂತು 380 ಒದೆಯೋದನ್ನ ಯಾವ ಶಾಸ್ತ್ರವೂ ಹೇಳಿಲ್ಲ.

ಇಷ್ಟೆಲ್ಲ ಮಾಡಿಯೂ ಮೂರನೇದು ಕೈಕೊಡ್ತಿದ್ರೆ ನಿಮ್ಮ ಎಫ್‌ಟಿಪಿ ಸಂಖ್ಯೆಯನ್ನೇ ಅನುಮಾನಿಸಿ. ಈಗ ಹೆಚ್ಚು ಜನ ಮಾಡೋದು ರ‍್ಯಾಂಪ್ ಟೆಸ್ಟ್. ಪ್ರತಿ ನಿಮಿಷ ವ್ಯಾಟ್ ಏರ್ತಾ ಹೋಗುತ್ತೆ, ಆಗದೇ ಇದ್ದಾಗ ನಿಲ್ಲಿಸ್ತೀರಿ, ಅತ್ಯುತ್ತಮ ಒಂದು ನಿಮಿಷದ ಶೇ 75 ನಿಮ್ಮ ಎಫ್‌ಟಿಪಿ ಅಂತ ಆ್ಯಪ್ ಹೇಳುತ್ತೆ. ಉದ್ರಿ ಸಾಮರ್ಥ್ಯ ಜಾಸ್ತಿ ಇರೋರಿಗೆ, ಅಂದ್ರೆ ಕ್ರಿಕೆಟ್, ಬ್ಯಾಡ್ಮಿಂಟನ್ ಆಡಿ ಬಂದ ಗಟ್ಟಿ ತೊಡೆಯವರಿಗೆ, ಇದು ಸುಳ್ಳೇ ದೊಡ್ಡ ಸಂಖ್ಯೆ ಕೊಡುತ್ತೆ. ಇಪ್ಪತ್ತು ನಿಮಿಷ ತುಳಿದು ಶೇ 95 ತಗೊಳ್ಳೋ ಹಳೇ ಪರೀಕ್ಷೆಯೂ ಇದೆ. ಅದರಲ್ಲಿ ಮೊದಲ ಐದು ನಿಮಿಷ ಹಾರಾಡಿದ್ರೆ ಸಂಖ್ಯೆ ಕಮ್ಮಿ ಬರುತ್ತೆ. ಅದೂ ಒಂದು ರೀತಿ ನಡಿಗೆಯ ಪರೀಕ್ಷೆಯೇ.

ನನ್ನ ಜೊತೆ ಕೆಲಸ ಮಾಡೋ ಗೆಳೆಯನೊಬ್ಬನ ಕಥೆ ಇಲ್ಲಿ ಹೇಳಲೇಬೇಕು. ವಯಸ್ಸು ಮೂವತ್ತೆರಡು. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ಶುಗರ್ ಗಡಿಯಲ್ಲಿದೆ ಅಂತ ಬಂದಿತ್ತು, ಡಾಕ್ಟರು ತೂಕ ಇಳಿಸಿ, ವ್ಯಾಯಾಮ ಮಾಡಿ ಅಂದಿದ್ದರು. ಸಾಲ ಮಾಡಿ ಟ್ರೈನರ್ ತಗೊಂಡ. ರ‍್ಯಾಂಪ್ ಟೆಸ್ಟ್ 235 ಅಂತು. ಅದರ ಮೇಲೆ ಲೆಕ್ಕ ಹಾಕಿದ ಇಂಟರ್ವಲ್‌ಗಳಲ್ಲಿ ಏಳು ವಾರ ಒಂದನ್ನೂ ಪೂರ್ತಿ ಮುಗಿಸಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ, "ನಮ್ಮ ಮನೆತನದ ಮೈಯೇ ಇಷ್ಟು ಕಣೋ. ತಾತಂಗೂ ಶುಗರ್, ಅಪ್ಪಂಗೂ ಶುಗರ್, ನಂಗೂ ಬರೋದೇ. ಯಾಕೆ ಸುಮ್ನೆ ಒದ್ದಾಡ್ಲಿ" ಅಂದ. ಟ್ರೈನರ್ ಮಾರೋಕೆ ಫೋಟೊ ಕೂಡ ಹಾಕಿದ್ದ. ನನ್ನನ್ನ ಕಾಡಿದ್ದು ಆ ಮಾತು. ತಪ್ಪು ಸಂಖ್ಯೆಯೊಂದು, ಮೇಲಿಂದ ಪ್ರತಿ ಸಲದ ಮೊದಲ ನಿಮಿಷದ ಹಾರಾಟ, ಎರಡೂ ಸೇರಿ ಒಬ್ಬ ಮನುಷ್ಯನಿಗೆ ತನ್ನ ದೇಹದ ಬಗ್ಗೆ ಏನೆಲ್ಲ ನಂಬಿಸಿಬಿಟ್ಟಿದ್ದವು ನೋಡಿ.

ಇನ್ನೆರಡು ವಾರ ನೋಡೋಣ ಅಂತ ಒಪ್ಪಿಸಿ, ಎಫ್‌ಟಿಪಿಯನ್ನ 215ಕ್ಕೆ ಇಳಿಸಿದೆವು. ಸಣ್ಣ ಸಂಖ್ಯೆ ನೋಡಿ ಅವನಿಗೆ ಅವಮಾನ. "ಜೂನಿಯರ್ ಹುಡುಗಿ ನನಗಿಂತ ಚೆನ್ನಾಗಿ ಮುಗಿಸ್ತಾಳೆ" ಅಂದ. ಮುಗಿಸ್ತಾಳೆ, ನಿಜ. ಮ್ಯಾರಥಾನ್ ಓಟದ ಅಂಕಿಅಂಶ ನೋಡಿದ್ರೆ ಗಂಡಸರಿಗಿಂತ ಹೆಂಗಸರು ವೇಗವನ್ನ ಹೆಚ್ಚು ಸಮವಾಗಿ ಕಾಯ್ದುಕೊಳ್ತಾರೆ, ಕೊನೆಯಲ್ಲಿ ಕಮ್ಮಿ ಕುಸೀತಾರೆ. ಮೊದಲ ವಾರವೇ ನಾಲ್ಕನ್ನೂ ಮುಗಿಸಿದ. ನಾಲ್ಕನೇದರ ಸರಾಸರಿ ಮೊದಲನೇದಕ್ಕಿಂತ ನಾಲ್ಕು ವ್ಯಾಟ್ ಜಾಸ್ತಿ. ಬೆಳಗ್ಗೆ ಏಳಕ್ಕೆ ಸ್ಕ್ರೀನ್‌ಶಾಟ್ ಕಳಿಸಿದ್ದ, ಕೆಳಗೆ ಒಂದು ಅಕ್ಷರವೂ ಬರೆದಿರಲಿಲ್ಲ. ಮಾರೋಕೆ ಹಾಕಿದ್ದ ಫೋಟೊ ಆ ಮಧ್ಯಾಹ್ನ ತೆಗೆದ. ಶುಗರ್ ಏನಾಯ್ತು ಅಂತ ಕೇಳಬೇಡಿ, ಅದು ಅವನ ಮತ್ತು ಡಾಕ್ಟರ ವಿಷಯ, ತಿಂಗಳುಗಟ್ಟಲೆ ಕೆಲಸ. ವಾರಕ್ಕೆರಡು ದಿನ ಈಗಲೂ ತುಳೀತಿದ್ದಾನೆ.

ಡಾಕ್ಟರ ಮಾತು ಬಂದಿದ್ದಕ್ಕೆ ಹೇಳ್ತೀನಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದ ಮೇಲೆ ನಮ್ಮ ಮನೆಗಳಲ್ಲಿ "ಜಾಸ್ತಿ ಕಸರತ್ತು ಬೇಡಪ್ಪ" ಅನ್ನೋ ಭಯ ಕೂತಿದೆ. ಅಮ್ಮಂದಿರ ಭಯಕ್ಕೆ ನಗಬೇಡಿ. ಇಂಟರ್ವಲ್ ಅನ್ನೋದು ಹೃದಯದಿಂದ ಪೂರ್ತಿ ಕೆಲಸ ಕೇಳೋ ವ್ಯಾಯಾಮ. ವರ್ಷಗಟ್ಟಲೆ ಕುರ್ಚಿಯಲ್ಲೇ ಕೂತವರು, ಬಿಪಿ–ಶುಗರ್ ಇರೋರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆದವರು ಇದ್ದರೆ, ಮೊದಲು ವೈದ್ಯರನ್ನ ಕಂಡು ತಪಾಸಣೆ ಮಾಡಿಸಿಕೊಂಡೇ ಶುರು ಮಾಡಿ. ಅದಕ್ಕೂ ಮುಂಚೆ ಎರಡು ತಿಂಗಳು ಮಾತಾಡ್ತಾ ತುಳಿಯೋ ವೇಗದಲ್ಲಿ ತುಳೀರಿ. ಎದೆ ಹಿಡಿದಂತಾದ್ರೆ, ತಲೆ ಸುತ್ತಿದ್ರೆ, ಬಡಿತ ಲಯ ತಪ್ಪಿದ ಹಾಗನ್ನಿಸಿದ್ರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಇನ್ನೊಂದು ಇಂಟರ್ವಲ್ ಬಾಕಿ ಇದೆ ಅಂತ ಲೆಕ್ಕ ಹಾಕಬೇಡಿ. ರಿಲೀಸ್ ಅಂತ ರಾತ್ರಿ ಎರಡಕ್ಕೆ ಲ್ಯಾಪ್‌ಟಾಪ್ ಮುಚ್ಚಿದ ಮಾರನೇ ಬೆಳಗ್ಗೆ ಗಟ್ಟಿ ಸೆಷನ್ ಬೇಡವೇ ಬೇಡ. ಜ್ವರ ಬಂದು ಹೋದ ವಾರವೂ ಬೇಡ. ನೀವು ಎಷ್ಟು ಗಂಟೆ ಮಲಗಿದ್ದಿರಿ ಅಂತ ಪವರ್ ಮೀಟರ್‌ಗೆ ಗೊತ್ತಿಲ್ಲ. ವಾರಕ್ಕೆ ಇಂಥವು ಎರಡು ಸಾಕು, ಉಳಿದ ದಿನ ಹಗುರ.

ಸೆಷನ್ ಮುಗಿದ ಮೇಲೆ ಆ್ಯಪ್ ನೂರೆಂಟು ಗ್ರಾಫ್ ತೋರಿಸುತ್ತೆ. ಸದ್ಯಕ್ಕೆ ಅವನ್ನೆಲ್ಲ ಬಿಡಿ. ನಾಲ್ಕು ಇಂಟರ್ವಲ್‌ಗಳ ಸರಾಸರಿ ಬರೆದುಕೊಳ್ಳಿ, ಪ್ರತಿಯೊಂದರ ಮೊದಲ ನಿಮಿಷದ ಸರಾಸರಿಯನ್ನ ಅದರ ಪಕ್ಕಕ್ಕೆ ಬರೀರಿ. ನಾಲ್ಕನೇದು ಮೊದಲನೇದಕ್ಕಿಂತ ಶೇ 5ಕ್ಕೂ ಹೆಚ್ಚು ಕುಸಿದಿದ್ರೆ ಮುಂದಿನ ವಾರ ಐದರಿಂದ ಹತ್ತು ವ್ಯಾಟ್ ಕೆಳಗಿಂದ ಶುರು ಮಾಡಿ. ನಾಲ್ಕೂ ಸಮ ಇದ್ದು ಕೊನೆಗೆ ಇನ್ನೂ ಒಂದು ನಿಮಿಷ ಹೋಗಬಹುದಿತ್ತು ಅನ್ನಿಸಿದ್ರೆ ಐದು ವ್ಯಾಟ್ ಏರಿಸಿ. ಮೂರು ವಾರದ ಈ ಎಂಟೆಂಟು ಸಂಖ್ಯೆಗಳನ್ನ ನನಗೂ ಕಳಿಸಿ, ಹೆಸರು ಬೇಡ, ವಯಸ್ಸು ಮತ್ತು ತೂಕ ಸಾಕು. ಮುಂದಿನ ಸಲ ಅವುಗಳಲ್ಲಿ ಕೆಲವನ್ನ ಇಟ್ಟುಕೊಂಡೇ ಮಾತಾಡೋಣ. ಸೆಷನ್‌ಗೆ ಮುಂಚೆ ಬಾಳೆಹಣ್ಣಾ ಚಿತ್ರಾನ್ನವಾ ಅನ್ನೋ ಪ್ರಶ್ನೆಗೂ ಅಲ್ಲೇ ಉತ್ತರ.